ನಾರಾ ಕಾಲ

*ಕುಯಿಸೆಬ್ ಹೊಳೆಯ ದಂಡೆ, ನಮೀಬಿಯಾ*

ಬಾ ತಬಿತಾ, ಕತ್ತೆಗಾಡಿ ಇಲ್ಲೇ ಇರಲಿ,
ಮಂಜು ಕರಗುವ ಮುನ್ನ ಒಂದು ದಿಣ್ಣೆ ಹತ್ತೋಣ.
ಕಡಲಿನ ಕಡೆಯಿಂದ ಬರುತ್ತದಲ್ಲ ಈ ಮಂಜು,
ಮೀನಿನ ವಾಸನೆ ಒಂದಿಷ್ಟು ಇದ್ದೇ ಇದೆ ಅದರಲ್ಲಿ.
ನನ್ನ ಅಪ್ಪ ಅದನ್ನು ಮೂಸಿ
ವಾಲ್ವಿಸ್ ಬೇಗೆ ಇವತ್ತು ಯಾವ ದೋಣಿ ಬಂತು ಎಂದು
ಸುಳ್ಳು ಹೇಳುತ್ತಿದ್ದ.
ನಾವು ನಂಬುತ್ತಿದ್ದೆವು.

ನೋಡಿಲ್ಲಿ, ಮರಳಿನ ನೆತ್ತಿಯ ಮೇಲೆ
ತಲೆ ಕೆಳಗಾಗಿ ನಿಂತಿದ್ದಾನೆ ಕರಿ ಜೀರುಂಡೆ.
ಪ್ರಾರ್ಥನೆಯಲ್ಲ, ಸರ್ಕಸ್ಸೂ ಅಲ್ಲ,
ಬಾಯಾರಿಕೆ.
ಬೆನ್ನಿಗೆ ಕೂತ ಮಂಜು ಹನಿಗೂಡಿ
ಜಾರಿ ಜಾರಿ ಬಾಯಿಗೆ ಬರುವವರೆಗೆ
ಅಲುಗುವುದಿಲ್ಲ ಆಸಾಮಿ.
ಇವನ ಅರ್ಧ ತಾಳ್ಮೆ ನಿನ್ನ ಅಜ್ಜನಿಗಿದ್ದಿದ್ದರೆ,
ಹೋಗಲಿ ಬಿಡು.

ಹೊಳೆಯ ಆ ಬದಿ ಕೆಂಪು ಮರಳಿನ ಸಮುದ್ರ,
ಈ ಬದಿ ಬೂದು ಕಲ್ಲಿನ ಬಯಲು,
ನಡುವೆ ನೀರಿಲ್ಲದ ಹೊಳೆ.
ವರ್ಷಕ್ಕೊಮ್ಮೆ, ಕೆಲವು ವರ್ಷ ಅದೂ ಇಲ್ಲ,
ಮೇಲಿನ ಬೆಟ್ಟದಿಂದ ಕೆಸರು ಹೊತ್ತು ಓಡಿ ಬಂದು
ಗಾಳಿ ತಂದು ಸುರಿದದ್ದನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ.
ನಾಲ್ಕೇ ದಿನದ ಕಸಬರಿಗೆ!
ಅದೂ ಬರದಿದ್ದರೆ ಎಂದೋ
ನಮ್ಮ ಒಲೆಯ ಮೇಲೆ ದಿಣ್ಣೆ ಕೂತಿರುತ್ತಿತ್ತು.

ಕೋಲು ಹಿಡಿ.
ಎಲೆ ಇಟ್ಟುಕೊಂಡರೆ ಸೂರ್ಯ ಸುಂಕ ಕೇಳುತ್ತಾನೆಂದು
ಎಲೆಯನ್ನೇ ಬಿಟ್ಟ ಗಿಡ ಈ ನಾರಾ.
ಬರೀ ಮುಳ್ಳು, ಬರೀ ಹಸಿರು ಸಿಕ್ಕು,
ಬೇರು ಮಾತ್ರ ಬಾವಿಯ ಹಗ್ಗಕ್ಕಿಂತ ಉದ್ದ.
ಕೈ ಹಾಕಬೇಡ, ಕೋಲಿನಿಂದ ಮೆಲ್ಲಗೆ ತಟ್ಟು.
ಹಣ್ಣಾಗಿದ್ದರೆ ತೊಟ್ಟು ತಾನೇ ಬಿಡುತ್ತದೆ,
ಬಿಡದಿದ್ದರೆ ಅದು ನರಿಯ ಪಾಲು, ಓರಿಕ್ಸಿನ ಪಾಲು,
ಬರುವ ವಾರದ ಪಾಲು.
ಸಂಜೆ ಡ್ರಮ್ಮಿನಲ್ಲಿ ಕುದಿಸಿ, ಬೀಜ ಸೋಸಿ,
ತಿರುಳನ್ನು ಬಿಸಿ ಮರಳ ಮೇಲೆ ಚಾಪೆಯಗಲ ಎರೆದರೆ
ಚಳಿಗಾಲವೆಲ್ಲ ಹಲ್ಲಿಗೆ ಅಂಟುವ ಸಿಹಿ,
ನಡುನಡುವೆ ಮರಳು.

ಮೊದಲು ಜರ್ಮನರ ಕುದುರೆ ಬಂತಂತೆ,
ಆಮೇಲೆ ಕೇಪಿನವರ ಲಾರಿ.
ನಕ್ಷೆಯವರು ಬಂದಾಗ ನಾನು ನಿನ್ನಷ್ಟಿದ್ದೆ.
ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ
ಗೆರೆ ತೋರಿಸಿದರು,
ಇದರೊಳಗಿನದೆಲ್ಲ ಇನ್ನು ಕಾಡುಪ್ರಾಣಿಗಳದ್ದು ಎಂದರು.
ಓರಿಕ್ಸ್, ಕತ್ತೆಕಿರುಬ, ಉಷ್ಟ್ರಪಕ್ಷಿ,
ಮರಳಲ್ಲಿ ಈಜುವ ಹೊನ್ನಬಣ್ಣದ ಕುರುಡಿಲಿ,
ಕಣ್ಣು ನೆತ್ತಿಯಲ್ಲಿಟ್ಟುಕೊಂಡು ಅಡ್ಡಡ್ಡ ಹರಿಯುವ ಹಾವು,
ಎರಡೇ ಎಲೆಯಲ್ಲಿ ಸಾವಿರ ವರ್ಷ ತೆಗೆಯುವ ಬಯಲ ಗಿಡ,
ಎಲ್ಲವನ್ನೂ ಪಟ್ಟಿಯಲ್ಲಿ ಬರೆದಿದ್ದರು.
ನನ್ನ ಅವ್ವ, ಓದು ಬಾರದವಳು, ಬಗ್ಗಿ ನೋಡಿ ಕೇಳಿದಳು:
“ನಾವು ಎಷ್ಟನೆಯ ಸಾಲು?”
ದುಭಾಷಿ ಅದನ್ನು ಅವರ ಭಾಷೆಗೆ ದಾಟಿಸಲಿಲ್ಲ.

ಇಳಿ ಇಳಿ, ನಿನಗೆ ತೋರಿಸಬೇಕಿದ್ದದ್ದು ಇದು.
ಮೊನ್ನೆಯ ಮೂಡಣ ಗಾಳಿ ಮರಳು ಸರಿಸಿದೆ.
ಕಲ್ಲಾಗಿ ಒಣಗಿದ ಹಳೇ ಕೆಸರು,
ಅಳೆಯಲು ಬಂದವರು ನೂರಾರು ವರ್ಷ ಎನ್ನುತ್ತಾರೆ.
ಇಗೋ ಜಿರಾಫೆಯ ಗೊರಸು,
ಇಲ್ಲಿ ಜಿರಾಫೆ ಕಂಡವರು ಈಗ ಯಾರೂ ಇಲ್ಲ.
ಇಗೋ ಕುರಿಗಳು, ಒಂದರ ಮೇಲೊಂದು ತುಳಿದುಕೊಂಡು.
ಅವುಗಳ ಹಿಂದೆ ಬರಿಗಾಲ ಮಗು.
ಇಲ್ಲಿಯವರೆಗೆ ನಡೆದಿದೆ,
ಇಲ್ಲಿಂದ ಓಟ, ಹಿಮ್ಮಡಿಯೇ ಇಲ್ಲ ನೋಡು, ಬರೀ ಬೆರಳು.
ಇಲ್ಲಿ ಜಾರಿ, ಇಷ್ಟುದ್ದ ಗೀರಿ,
ಯಾರ ಮೇಲೋ ಸಿಟ್ಟಾಗಿ ನಿಂತಿದೆ.

ಬೇಡ, ಅದರೊಳಗೆ ಕಾಲಿಡಬೇಡ.
ಅಳತೆ ಸರಿಹೋದರೆ ನೀನು ಸುಮ್ಮನಿರುವವಳಲ್ಲ,
ಊರೆಲ್ಲ ಸಾರುತ್ತೀಯ,
ಆಮೇಲೆ ಇದಕ್ಕೂ ಒಂದು ಕಂಬಿ, ಒಂದು ಫಲಕ.
ಪಕ್ಕದಲ್ಲಿ ನಿಲ್ಲು, ಸಾಕು.

ಅದೇನು ಸದ್ದು?
ಚೀಲದ ಬಾಯಿ ಕಟ್ಟಿದ್ದೆಯಾ ನೀನು?
ಅಯ್ಯೋ, ಕತ್ತೆ ಹಣ್ಣಿಗೆ ಬಾಯಿ ಹಾಕಿದೆ,
ಓಡು!