ಹದಿನಾರು ಸಲ

ಗೋಣಿಕೊಪ್ಪದ ಮುಖ್ಯ ಕಚೇರಿ, ಎರಡನೇ ಮಹಡಿ,
ರಾತ್ರಿ ಹತ್ತೂಕಾಲು.
ಕೆಳಗೆ ಗೊಬ್ಬರದ ಗೋದಾಮು; ಯೂರಿಯಾದ ವಾಸನೆ
ಮೆಟ್ಟಿಲು ಹತ್ತಿ ಬಂದು ಸರ್ವರಿನ ಪಕ್ಕ ಕೂರುತ್ತದೆ.
ಮಾರ್ಚ್ ಲೆಕ್ಕ ಮುಗಿದಿದೆ. ಲೆಡ್ಜರಿನ ಹೊಸ ಆವೃತ್ತಿ ಬಂದಿದೆ.
ಏಳು ಶಾಖೆ, ನಲವತ್ತಮೂರು ಕಂಪ್ಯೂಟರು,
ನಾನೊಬ್ಬ.

ಮುಂಚೆ ಇದಕ್ಕೆ ಹತ್ತು ದಿನ ಹಿಡಿಯುತ್ತಿತ್ತು.
ಪೆನ್‌ಡ್ರೈವ್ ಜೇಬಿಗಿಳಿಸಿ ಕುಟ್ಟದ ಬಸ್ಸು ಹತ್ತುವುದು,
ಬಾಳೆಲೆಯಲ್ಲಿ ಊಟ,
ತಿತಿಮತಿಯಲ್ಲಿ ಆನೆ ದಾಟುವ ತನಕ ಕಾಯುವುದು,
ಹುದಿಕೇರಿಯ ಮ್ಯಾನೇಜರು ಉತ್ತಯ್ಯನವರ
‘ನಾಳೆ ಮಾಡೋಣವಾ’ ಎಂಬ ಕಾಫಿ.
ಈಗ ಒಂದೇ ಗುಂಡಿ.
ಊರೂರು ಸವೆದ ಚಪ್ಪಲಿ ಮೇಜಿನಡಿ ಸುಮ್ಮನಿದೆ.

ಆದರೂ ಒಮ್ಮೆಲೇ ಎಲ್ಲಕ್ಕೂ ಬಿಡುವುದಿಲ್ಲ.
ಪುತ್ತರಿಯ ಕದಿರು ಮೊದಲು ಪಾಡಿಯಲ್ಲಿ ಕೊಯ್ದು
ಆಮೇಲಲ್ಲವೇ ನಾಡಿನ ಗದ್ದೆಗೆ ಕುಡುಗೋಲು ಇಳಿಯುವುದು?
ನನ್ನ ಪಾಡಿ, ಈ ಮಹಡಿಯ ಮೂರು ಯಂತ್ರ:
ನನ್ನದು, ಕ್ಯಾಷಿಯರಿನದು, ಸಾಲ ವಿಭಾಗದ ಝುಬೈದಾಳದು.
ಯಾವುದೂ ಸಾಯಲಿಲ್ಲ. ರಸೀದಿ ಅಚ್ಚಾಯಿತು, ಬಡ್ಡಿ ತಾಳೆಯಾಯಿತು.
ಗುಂಡು ಹಾರಿಸುವವರು ಇಲ್ಲಿಲ್ಲ;
ಎಂಟರ್ ಒತ್ತಿದೆ.

ಮಲಗಿದ ಯಂತ್ರ ಎಬ್ಬಿಸಲು ಒಂದು ಉಪಾಯವುಂಟು:
ತಂತಿಯಲ್ಲಿ ಪುಟ್ಟ ಪೊಟ್ಟಣವೊಂದನ್ನು ಕಳಿಸಬೇಕು,
ಒಳಗೆ ಅದರದೇ ಹೆಸರು, ಹದಿನಾರು ಸಲ.
ಹದಿನೈದಕ್ಕೆ ಏಳದು.
ಅಮ್ಮ ನನ್ನ ಶಾಲೆಗೆ ಎಬ್ಬಿಸುತ್ತಿದ್ದ ಲೆಕ್ಕವೂ
ಹೆಚ್ಚುಕಡಿಮೆ ಇಷ್ಟೇ.

ಬೀಗ ಹಾಕಿದ ಶಾಖೆಗಳ ಕತ್ತಲಲ್ಲಿ ಫ್ಯಾನುಗಳು ತಿರುಗಿರಬೇಕು,
ಹಲ್ಲಿಗಳು ಬೆಚ್ಚಿರಬೇಕು.
ನನಗೆ ಕಂಡದ್ದು ಚುಕ್ಕೆ ಮಾತ್ರ:
ಪೊನ್ನಂಪೇಟೆ ಹಸಿರು, ಶ್ರೀಮಂಗಲ ಹಸಿರು,
ಕುಟ್ಟ ತುಸು ತಡೆದು ಹಸಿರು.
ನಲವತ್ತೆರಡು.

ಬಿರುನಾಣಿಯ ಎರಡನೆಯದು ಬೂದು.
ಕರೆದೆ, ಹದಿನಾರು. ಮತ್ತೆ ಕರೆದೆ, ಹದಿನಾರು.
ಹನ್ನೊಂದಕ್ಕೆ ಕಾವಲಿನ ಹಂಸಾಕನಿಗೆ ಫೋನು.
‘ಟಾರ್ಚು ಬಿಡಿ, ಚಿಣ್ಣವ್ವನ ಮೇಜು.’
‘ಹೊದ್ದು ಮಲಗಿದೆ ಸಾರ್, ಹೂವಿನ ಬಟ್ಟೆ.’
‘ತೆಗೆಯಿರಿ.’
‘ತೆಗೆಯಬಹುದಾ?’

ಪ್ಲಗ್ಗು ಹೊರಗಿತ್ತು.
ವೈರು ಸುತ್ತಿ ರಬ್ಬರ್‌ಬ್ಯಾಂಡು. ಪಕ್ಕದಲ್ಲಿ ಚೀಟಿ:
‘ಸಿಡಿಲಿನ ಕಾಲ. ಹೋಗುವಾಗ ಕೀಳುವುದು.’
ಹದಿನಾರು ಲಕ್ಷ ಸಲ ಕೂಗಿದರೂ
ಗೋಡೆ ಬಿಟ್ಟ ಮೇಲೆ ಅದಕ್ಕೆ ಕಿವಿಯೆಲ್ಲಿ?
ಗೋಣಿಕೊಪ್ಪದಿಂದ ಬಿರುನಾಣಿಗೆ ನನ್ನ ಕೈ ಚಾಚುತ್ತದೆ,
ಕೊನೆಯ ನಾಲ್ಕಿಂಚು ಸಾಲದು.

ಹಂಸಾಕ ಸಿಕ್ಕಿಸಿದರು. ಚುಕ್ಕೆ ಕಣ್ಣು ಬಿಟ್ಟಿತು,
ಬಿಟ್ಟದ್ದೇ ಕೇಳಿತು:
ಅನುಮತಿಯಿಲ್ಲದ ಕಡತ ಒಂದಿದೆ, ಅಳಿಸಲೇ?
ಹೆಸರು ‘ಗುರುತು’. ತೆರೆಯಬಾರದಿತ್ತೇನೋ, ತೆರೆದೆ.

ಬೆಳ್ಯಪ್ಪ: ಸೇತುವೆ ಪಕ್ಕ. ಎಡಗಿವಿ ಮಂದ, ಬಲಕ್ಕೆ ನಿಂತು ಹೇಳುವುದು.
ಬೆಳ್ಯಪ್ಪ: ಜೇನುಪೆಟ್ಟಿಗೆಯವರು. ಸಹಿ ಪ್ರತಿಸಲ ಬೇರೆ;
ಮೋಸವಲ್ಲ, ಕೈ ನಡುಗುತ್ತದೆ.
ಬೆಳ್ಯಪ್ಪ: ತೀರಿಕೊಂಡರು. ಹೆಂಡತಿ ಬಂದರೆ
ಮೊದಲು ಕೂರಿಸುವುದು, ಆಮೇಲೆ ಪಾಸ್‌ಬುಕ್ಕು.
ಹೀಗೆ ಇನ್ನೂರ ಹನ್ನೊಂದು ಸಾಲು.

ಹೊಸ ಆವೃತ್ತಿಯಲ್ಲಿ ಮೊಬೈಲಿಗೆ ಖಾನೆಯಿದೆ,
ಆಧಾರಿಗಿದೆ, ಹೆಬ್ಬೆಟ್ಟಿಗೂ ಇದೆ.
ಯಾವ ಕಡೆ ನಿಂತು ಮಾತಾಡಬೇಕು, ಅದಕ್ಕಿಲ್ಲ.

ಅಳಿಸುವ ನಿಯಮ ಬರೆದವನು ನಾನೇ,
ಕಳೆದ ಜೂನಿನಲ್ಲಿ, ವೈರಸ್ಸಿನ ಭಯಕ್ಕೆ.
ಈಗ ಹೊಸ ಗುಂಪೊಂದು ತೆರೆದೆ, ಸದಸ್ಯ ಸಂಖ್ಯೆ ಒಂದು.
‘ವಿನಾಯಿತಿಗೆ ಕಾರಣ’ ಖಾಲಿ ಬಿಡಲು ಅದು ಒಪ್ಪಲಿಲ್ಲ.
ಆಡಿಟರು ನಕ್ಕರೆ ನಗಲಿ,
‘ಸಿಡಿಲು’ ಎಂದು ತುಂಬಿದೆ.

ಹತ್ತು ನಿಮಿಷಕ್ಕೆ ನಲವತ್ತಮೂರು.
‘ಆಯಿತಾ ಸಾರ್? ಮತ್ತೆ ಕೀಳಲಾ?’
‘ಕೀಳಿ. ಸುತ್ತಿ, ರಬ್ಬರ್‌ಬ್ಯಾಂಡೂ ಹಾಕಿಬಿಡಿ.’
ಆಚೆ ಕಡೆ ಸ್ವಲ್ಪ ಹೊತ್ತು ಬರೀ ಜೀರುಂಡೆ.
‘ಈ ಬಟ್ಟೆ, ಹೂವು ಮೇಲೆ ಬರಬೇಕಾ ಕೆಳಗಾ?’