ನಡುವಿನ ಪರಸಿ

ಕಲಬುರಗಿಯೊಳಗ ಏಳು ಮನಿ ನೋಡಿದೆ.
ಏಳೂ ಕಡೆ ಮೊದಲ ನೀರಿನ ಮಾತು, ಆಮ್ಯಾಲ ಕರೆಂಟಿಂದು,
ಚಾ ಅರ್ಧ ಆದಾಗ ಮೆಲ್ಲಕ
'ನೀವು ಯಾರ ಪೈಕಿ?'
ಹೇಳಿದೆ. ಬಸಿ ಅಲ್ಲೇ ನಿಂತಿತು.
ಮರುದಿನ ಒಬ್ಬರಿಗೆ ಸೊಲ್ಲಾಪುರದಿಂದ ಭಾವ ಬರಾವ ಇದ್ದ,
ಒಬ್ಬರಿಗೆ ಬಣ್ಣ ಹಚ್ಚಿಸೋದಿತ್ತು.
ಇನ್ನೂ ಹಚ್ಚಿಸ್ಲಾಕತ್ತಾರ.

ಅದಕ್ಕ ಶಹಾಬಾದ.
ದವಾಖಾನಿ ಲ್ಯಾಬಿಗೆ ಎಂಟಕ್ಕ ಹಾಜರಿ;
ಪ್ಯಾಸೆಂಜರ್ ನೆಟ್ಟಗ ಹೋದರ ನಲವತ್ತು ನಿಮಿಷ,
ಇಲ್ಲಾಂದ್ರ ಮರತೂರಿನ ಸಿಗ್ನಲ್ ಹೇಳಿದಷ್ಟು.
ಖೋಲಿಗೆ ಎರಡು ಸಾವಿರದ ಇನ್ನೂರು.
ನೆಲ ಪರಸಿ, ಛತ್ತು ಪರಸಿ, ಬಚ್ಚಲ ಪರಸಿ,
ಕಟ್ಟಿ ಮ್ಯಾಲ ಮಲಗಿದ ಬೆಕ್ಕೂ ಅದೇ ಬಣ್ಣ.

ಹಲೀಮಾಬಿ ಕೀಲಿ ಕೊಡೂಕಿಂತ ಮೊದಲ
ನಾನೇ ಬಾಯಿ ತೆರೆದೆ: 'ನಾವು ಅಂದ್ರ ಖಾಲಾ...'
ಆಕಿ ಕೈ ಎತ್ತಿದಳು.
'ಅದಲ್ಲ. ರಾತ್ರಿ ಗೊರಕಿ ಹೊಡಿತೀಯೇನು?'

ಯಾಕ ಕೇಳಿದಳಂತ ಮಲಗಿದಾಗ ತಿಳೀತು.
ಆಕಿ ಖೋಲಿಗೂ ನನ್ನ ಖೋಲಿಗೂ ನಡುವ ಗೋಡಿ ಇಲ್ಲ,
ನಿಲ್ಲಿಸಿದ ಪರಸಿ ಅವ, ಹೆಬ್ಬೆರಳಿನಷ್ಟು ದಪ್ಪ.
ಗಂಡ ಖಣಿಯೊಳಗ ಇದ್ದಾಗ
ಮೂಲಿ ಮುರಿದಂಥವು ಒಂದೊಂದ ಹೊತ್ತು ತಂದು ಕಟ್ಟಿದ್ದಂತ.
ಮೊಳಿ ಹಿಡಿಯಂಗಿಲ್ಲ. ನಾ ಒಂದು ಹೊಡೀಲಾಕ ಹೋದೆ,
ಮೊಳಿ ಡೊಂಕಾತು, ಆ ಕಡಿಂದ 'ಕೌನ್?' ಅಂದಳು.
ಅವತ್ತಿನಿಂದ ಕ್ಯಾಲೆಂಡರು ನೆಲದ ಮ್ಯಾಲೇ ನಿಂತದ
ಕಲ್ಲಿಗೆ ಆನಿಕೊಂಡು,
ಕಿರಾಯಿಗೆ ಬಂದವರ ಹಂಗ.

ನಸುಕಿನ ನಮಾಜು ಬರತದ ಪರಸಿ ದಾಟಿ,
ಮೊಣಕಾಲು ಮಡಚುವಾಗಿನ 'ಯಾ ಅಲ್ಲಾ',
ವಾಡಿಯೊಳಗಿನ ಮಗಳ ಫೋನು:
'ಕಿರಾಯಿ ಏರಿಸು ಅಮ್ಮಿ, ಎಲ್ಲಾರೂ ಮೂರು ತಗೋತಾರ.'
ನನ್ನ ಕಡಿಂದ ಏನೇನು ಹೋಗತದೋ ಆಕಿಗೇ ಗೊತ್ತು.
ಒಂದು ರಾತ್ರಿ ಅತ್ತಿದ್ದೆ. ಮುಂಜಾನೆ ಬಾಗಲ ಮುಂದ
ತಾಟು ಮುಚ್ಚಿದ ಬಗೋಣಿ, ಒಳಗ ಬಿಸಿ ಖಿಚಡಿ.
ಆಕಿ ಏನೂ ಕೇಳಲಿಲ್ಲ.
ಖಾಲಿ ಕೊಡಬಾರದಂತ ಎರಡು ಸಜ್ಜಿ ರೊಟ್ಟಿ ಇಟ್ಟು
ಬಗೋಣಿ ತೊಳದು ಕೊಟ್ಟೆ.

ಹನ್ನೊಂದು ತಿಂಗಳ ಕರಾರು ಮುಗೀತು.
ಹೊಸ ಸ್ಟಾಂಪ್ ಪೇಪರ್ ಓದಿ ಹೇಳಿದೆ.
'ಹನ್ನೊಂದೇ ಯಾಕ? ಹನ್ನೆರಡನೇದು ಎಲ್ಲಿ ಹೋಗತದ?'
'ಕಾಯ್ದೆ ಹಂಗದ, ಖಾಲಾ.'
'ಆ ತಿಂಗಳು ನೀ ಎಲ್ಲಿ ಮಲಗತಿ ಮತ್ತ?'
ನಕ್ಕೊಂತ ಹೆಬ್ಬೆಟ್ಟು ಒತ್ತಲಾಕ ಬಾಗಿದಳು.
ಆಗ ಕಂಡದ್ದು ಕಾಲಬೆರಳಿನ ಗಾಯ.
'ಎಂದಿಂದು?'
'ರಂಜಾನಿಂದು.'
ಎರಡು ತಿಂಗಳಾತು.

ಅಲ್ಲೇ, ಚಾಪಿ ಮ್ಯಾಲೇ, ಸೂಜಿ ಚುಚ್ಚಿದೆ.
ಆಕಿ ರಕ್ತ ನನ್ನ ರೊಟ್ಟಿ ಗಂಟಿನ ಬಾಜೂಕ
ಪ್ಯಾಸೆಂಜರ್ ಹತ್ತಿ ಕಲಬುರಗಿಗೆ ಹೋತು.
ಚೀಟಿಯೊಳಗ ವಿಳಾಸ ಬರದೆ,
ನನ್ನದೇ ಬರದೇನಂತ ಒಂದು ಗಳಿಗಿ ಅನಿಸಿತು.
'ಸಂಬಂಧ' ಅನ್ನೋ ಕಡೆ ಪೆನ್ನು ನಿಂತಿತು.
ಖಾಲಿ ಬಿಟ್ಟೆ.
ಸಕ್ಕರಿ, ಮುನ್ನೂರಾ ಹದಿನಾಲ್ಕು.

ಈಗ ಗುಳಿಗಿ ಚಾಲೂ ಅವ.
ಬೆಲ್ಲ ಬಂದ್ ಅಂತ ನನ್ನ ತಲಿ ಮುಟ್ಟಿ ಆಣಿ ಮಾಡ್ಯಾಳ.
ನಿನ್ನೆ ರಾತ್ರಿ ಹನ್ನೊಂದೂವರಿಗೆ
ಸಿಮೆಂಟಿನ ಗೂಡ್ಸ್ ಗಾಡಿ ದಾಟಿ ಹೋದ ಮ್ಯಾಲ
ಪರಸಿಯ ಆ ಕಡೆ ಡಬ್ಬಿಯ ಮುಚ್ಚಳ
ಉಗುರಿನಿಂದ, ಬಾಳ ಮೆಲ್ಲಕ, ತಿರುಗಿತು.

ಬೆರಳ ಗಣ್ಣಿನಿಂದ ಒಮ್ಮೆ ಬಡದೆ.

ಸುಮ್ಮಾತು.
ಆಮ್ಯಾಲ ಮುಚ್ಚಳ ವಾಪಸ್ ಕೂತ ಸಪ್ಪಳ,
ಆಮ್ಯಾಲ ಕಲ್ಲಿಗೆ ಬಾಯಿ ಹಚ್ಚಿ ಹಲೀಮಾಬಿ:
'ಬರೋ ತಿಂಗಳಿಂದ ಮೂರು ಸಾವಿರ, ನೋಡು!'