ಆಲ್ಟರ್ ರಾಶಿ

ಪತ್ರ ಬಂದಾಗ ಅವರೆಕಾಯಿ ಕಾಲ.
ಅಮ್ಮ ನೆನೆದ ಕಾಳು ಹಿತಕುತ್ತ ಕೂತಿದ್ದಳು,
ಬೇಳೆ ಚಿಮ್ಮಿ ಚಿಮ್ಮಿ ಬೋಗುಣಿಗೆ ಬೀಳುವ ಸದ್ದು.
ಓದಿದೆ. ಇಲ್ಲ ಎಂದಿಲ್ಲ, ಹೌದು ಎಂದೂ ಇಲ್ಲ,
'ನಿಮ್ಮ ಅರ್ಜಿಯನ್ನು ಮುಂದಿನ ಸುತ್ತಿನ ಪರಿಶೀಲನೆಗೆ ಇರಿಸಿಕೊಳ್ಳಲಾಗಿದೆ.'
"ಹಂಗಂದ್ರೆ? ಆಯ್ತಾ, ಇಲ್ವಾ?"
"ಎರಡೂ ಅಲ್ಲಮ್ಮ. ಏಪ್ರಿಲ್‌ನಲ್ಲಿ ಇನ್ನೊಂದ್ಸಲ ನೋಡ್ತಾರಂತೆ."
ಸಿಪ್ಪೆ ಬಿಡದ ಒಂದು ಕಾಳು
ಅವಳ ಬೆರಳ ನಡುವೆಯೇ ಉಳಿಯಿತು.
"ಓ," ಅಂದಳು, "ಆಲ್ಟರ್‌ಗೆ ಹಾಕವ್ರೆ."

ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ
ಕಾಲರು ಕೂರಿಸಿದವಳು. ಅವಳ ಲೋಕಕ್ಕೆ
ಮೂರೇ ರಾಶಿ: ಪಾಸು, ರಿಜೆಕ್ಟು, ಆಲ್ಟರು.
ಚೆಕ್ಕಿಂಗಿನ ಪುಟ್ಟಲಿಂಗಮ್ಮ
ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ತಿರುವಿ ಮುರುವಿ
ಹೊಲಿಗೆ ಜಾರಿದ ಕಡೆ ಒಂದು ಕೆಂಪು ಬಾಣ ಅಂಟಿಸುತ್ತಾಳೆ.
ಇಲ್ಲಿ ನೋಡು. ಇಷ್ಟೇ. ಬಿಚ್ಚು, ಹೊಲಿ.

ನನ್ನ ಪತ್ರದಲ್ಲಿ ಬಾಣ ಇರಲಿಲ್ಲ.
ಅಂಕಪಟ್ಟಿಯೇ? ಇಂಟರ್‌ವ್ಯೂನಲ್ಲಿ ತಡವರಿಸಿದ್ದೇ?
ನೀರಿನ ವಿಜ್ಞಾನ ಯಾಕೆ ಓದಬೇಕು, ಮುನ್ನೂರು ಪದಗಳಲ್ಲಿ, ಎಂದಿದ್ದಕ್ಕೆ
ವೃಷಭಾವತಿಯ ನೊರೆ ನಮ್ಮ ಮೆಟ್ಟಿಲಿಗೆ ಬಂದ ದಿನದ ಬಗ್ಗೆ ಬರೆದದ್ದೇ?
ಮೈಯೆಲ್ಲ ತಡವಿಕೊಂಡು ಹುಡುಕಿದೆ, ನಾಲ್ಕು ವಾರ.

ಕೆಳಮನೆಯ ರೋಸ್ಲಿನ್ ಆಂಟಿ ಕೇಳುತ್ತಾರೆ, "ಸೀಟು?"
"ನೋಡ್ಬೇಕು," ಅನ್ನುತ್ತೇನೆ.
ಸುಳ್ಳಲ್ಲ. ನೋಡಬೇಕಾದವರು ಬೇರೆ, ಅಷ್ಟೆ.
ಮುಬೀನಾಗೆ ಸಿಕ್ಕಿದೆ. ಅವಳು ಹೇಳಲಿಲ್ಲ,
ಅವಳ ಹೊಸ ಬ್ಯಾಗು ಹೇಳಿತು.
ಬಂದು ಒಂದು ಗಂಟೆ ಕೂತು
ಹಲ್ಲುನೋವಿನ ಬಗ್ಗೆಯೇ ಮಾತಾಡಿ ಎದ್ದು ಹೋದಳು.
ಅಷ್ಟು ಪ್ರೀತಿಯಿಂದ ನನ್ನಿಂದ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ.

ಮೊದಮೊದಲು ದಿನಕ್ಕೆ ನಲವತ್ತು ಸಲ ಮೇಲ್ ತೆರೆಯುತ್ತಿದ್ದೆ.
ಬ್ಯಾಂಕಿನ ಸಾಲ, ಪಿಜ್ಜಾದ ಆಫರು,
ಯಾವುದೋ ಕೋಚಿಂಗಿನವರ 'ಪ್ರಿಯ ವಿದ್ಯಾರ್ಥಿ'.
ಈಗ ಬೆಳಿಗ್ಗೆ ಏಳೂಮುಕ್ಕಾಲಿಗೆ
ಫೋನನ್ನು ಅಮ್ಮನ ಬುತ್ತಿ ಚೀಲಕ್ಕೆ ಹಾಕಿ ಕಳಿಸಿಬಿಡುತ್ತೇನೆ.
ಮಿಷನ್ನಿನ ಹತ್ತಿರ ಫೋನು ಒಯ್ಯುವಂತಿಲ್ಲ.
ಗೇಟಿನ ಪಕ್ಕದ ಲಾಕರಿನಲ್ಲಿ, ಚಿತ್ರಾನ್ನದ ಡಬ್ಬಿಗೆ ಒರಗಿ
ನನ್ನ ಏಪ್ರಿಲ್ಲು ಸೈಲೆಂಟಿನಲ್ಲಿ ಮಲಗಿರುತ್ತದೆ.
ಸಂಜೆ ಅವಳು ಅದನ್ನು ಫ್ರಿಜ್ಜಿನ ಮೇಲಿಟ್ಟು
ಮೊದಲು ಕಾಲು ತೊಳೆಯುತ್ತಾಳೆ.
"ಬಂದಿದ್ರೆ ಎಲ್ಲಿಗೂ ಓಡೋಗಲ್ಲ, ಇರು."

ಹಾಗಾಗಿ ಹಗಲು ನನ್ನದು.
ಹಗಲು ಅಂದರೆ ಮಹಾ ಏನಲ್ಲ:
ಎರಡು ಬಕೆಟ್ ಬಟ್ಟೆ, ಓನರ್ ಮಗನಿಗೆ ಹದಿಮೂರರ ಮಗ್ಗಿ,
ಆಮೇಲೆ ಸೇತುವೆಯಿಂದ ಜಾಮ್ ಬಾಟಲಿಗೆ ದಾರ ಕಟ್ಟಿ ಇಳಿಬಿಟ್ಟು
ನದಿಯನ್ನು ಒಂದಿಷ್ಟು ಎತ್ತಿ ತಂದು ಕಿಟಕಿಯಲ್ಲಿಡುವುದು,
ಬಣ್ಣ ಬರೆದಿಡುವುದು.
ಸೋಮವಾರ ಬೂದಿ. ಗುರುವಾರ ಹಾಲಿಲ್ಲದ ಟೀ.
ಮೊನ್ನೆ ಯಾರದೋ ಡೈಯಿಂಗಿನ ಗುಲಾಬಿ,
ನೋಡಲು ಚಂದವಿತ್ತು, ಅದೇ ಹೆದರಿಕೆ.
ಯಾರೂ ಕೇಳಿಲ್ಲ. ಅರ್ಜಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಅವರೆ ಮುಗಿದು ತಳ್ಳುಗಾಡಿಗೆ ಮಾವಿನಕಾಯಿ ಬಂತು.
ನಿನ್ನೆ ರಾತ್ರಿ ಎರಡಕ್ಕೆ ಬರಬೇಕಾದ ಕಾವೇರಿ ನೀರಿಗೆ
ಡ್ರಮ್ಮಿನ ಪಕ್ಕ ಇಬ್ಬರೂ ತೂಕಡಿಸುತ್ತಿದ್ದಾಗ ಕೇಳಿದೆ:
"ಆಲ್ಟರಿಗೆ ಹೋದ ಅಂಗಿ ಕೊನೆಗೆ ಏನಾಗುತ್ತೆ?"
"ಸುಮಾರು ಪಾಸಾಗ್ತವೆ. ಅದೇ ಪೆಟ್ಟಿಗೆ, ಅದೇ ಹಡಗು.
ಬಿಚ್ಚಿ ಹೊಲಿದಿದ್ದು ಅಂತ ಹಾಕ್ಕೊಳೋರ್ಗೆ ಗೊತ್ತೂ ಆಗಲ್ಲ."
"ಮಿಕ್ಕಿದ್ದು?"
ಅಮ್ಮ ಆಕಳಿಸಿದಳು.
"ಲೇಬಲ್ ಕತ್ತರಿಸಿ ಕೆ.ಜಿ. ಲೆಕ್ಕದಲ್ಲಿ ಮಾರ್ತಾರೆ.
ನೀನು ಹಾಕ್ಕೊಂಡಿದೀಯಲ್ಲ, ಇದೇ."

ಕತ್ತಿನ ಹಿಂದೆ ಕೈ ಹಾಕಿ ನೋಡಿದೆ.
ಎರಡು ದಾರದ ತುಂಡು.
ನಾಲ್ಕು ವರ್ಷದ ಅಂಗಿ. ತಪ್ಪು ಎಲ್ಲಿದೆಯೋ
ಇವತ್ತಿಗೂ ನನಗೆ ಸಿಕ್ಕಿಲ್ಲ.
ನಲ್ಲಿ ಕೆಮ್ಮಿತು.
"ಬರೀ ಗಾಳಿ," ಅಂದೆ.
"ಗಾಳೀನೇ ಮೊದ್ಲು ಬರೋದು," ಅಂದಳು, "ಬಿಂದಿಗೆ ಇಡು."